ಒಳಪದರ ಸುಟ್ಟ ಮೇಲೂ ಗರ್ಭಕೋಶ ಒಳಗೇ ಇರುತ್ತದೆ

2013ರಲ್ಲಿ, ನನಗೆ 43 ವರ್ಷ ಇದ್ದಾಗ, ಗರ್ಭಕೋಶದ ಒಳಪದರವನ್ನು ಸುಡಿಸಿಕೊಂಡೆ. ಡಾಕ್ಟರುಗಳು ಇದಕ್ಕೆ ಎಂಡೊಮೆಟ್ರಿಯಲ್ ಅಬ್ಲೇಶನ್ ಅನ್ನುತ್ತಾರೆ. ಗರ್ಭಕೋಶ ತೆಗೆಸಿದ್ದಲ್ಲ, ಒಳಗಿನ ಪದರವನ್ನು ಮಾತ್ರ ಶಾಖ ಕೊಟ್ಟು ಸುಟ್ಟಿದ್ದು. ಹತ್ತು ವರ್ಷ ಆರಾಮಾಗಿದ್ದೆ. ಆಮೇಲೆ ಒಂದು ಬೆಳಿಗ್ಗೆ ಒಳಉಡುಪಿನಲ್ಲಿ ಕಂದು ಬಣ್ಣದ ಸಣ್ಣ ಕಲೆ ಕಾಣಿಸಿತು. ಅಲ್ಲಿಂದ ಶುರುವಾದ ಪರೀಕ್ಷೆಗಳನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಅಬ್ಲೇಶನ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳೋಣ ಅಂತ ಯೋಚಿಸುತ್ತಿರುವವರು ನಮ್ಮ ಊರುಗಳಲ್ಲೂ ಈಗ ಜಾಸ್ತಿ ಆಗುತ್ತಿದ್ದಾರೆ. ಒಳಪದರ ಸುಟ್ಟರೆ ಕ್ಯಾನ್ಸರ್ ಬರುತ್ತಾ ಅನ್ನೋದು ಒಂದು ಪ್ರಶ್ನೆ. ಬಂದರೆ ಬೇಗ ಗೊತ್ತಾಗುತ್ತಾ ಅನ್ನೋದು ಇನ್ನೊಂದು. ಎರಡಕ್ಕೂ ಉತ್ತರ ಬೇರೆ ಬೇರೆ. ಇದನ್ನು ನನಗೆ ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಗ ನಾನು ಬಸ್ ಕಂಡಕ್ಟರ್. ಹಾಸನ–ಸಕಲೇಶಪುರ ರೂಟು. ತಿಂಗಳಿನ ಆ ದಿನಗಳು ಬಂದರೆ ಒಂದರ ಮೇಲೊಂದು ಎರಡು ಪ್ಯಾಡ್ ಇಟ್ಟು, ಅದರ ಮೇಲೆ ಹಳೆಯ ಪಂಚೆ ಬಟ್ಟೆ ಮಡಿಸಿ ಕಟ್ಟಿಕೊಂಡು ಡ್ಯೂಟಿಗೆ ಹತ್ತುತ್ತಿದ್ದೆ. ಬಾಳ್ಳುಪೇಟೆ ದಾಟುವಷ್ಟರಲ್ಲಿ ಅದೂ ಒದ್ದೆ. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದು ಕೈಯಲ್ಲಿ ಕಂಬಿ. ಜನರ ಮಧ್ಯೆ ನುಗ್ಗಿ ಹಿಂದಿನ ಸೀಟಿನವರೆಗೆ ಹೋಗಬೇಕು. ಆಗ ಹೆಪ್ಪು ಹೆಪ್ಪಾಗಿ ಜಾರಿದ್ದು ಗೊತ್ತಾಗುತ್ತಿತ್ತು. ನಮ್ಮ ಡ್ರೈವರಣ್ಣ ಏನೂ ಕೇಳುತ್ತಿರಲಿಲ್ಲ. ನನ್ನ ಮುಖ ನೋಡಿ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ಜಾಸ್ತಿ ನಿಲ್ಲಿಸುತ್ತಿದ್ದರು. ಆ ಉಪಕಾರ ನಾನು ಮರೆತಿಲ್ಲ.

ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಮಾತ್ರೆ, ಹಾರ್ಮೋನ್ ಮಾತ್ರೆ ಎಲ್ಲ ಆಯಿತು. ನುಂಗಿದಷ್ಟು ದಿನ ಸರಿ, ಬಿಟ್ಟರೆ ಮತ್ತೆ ಅದೇ. ಗರ್ಭಕೋಶದೊಳಗೆ ಹಾಕುವ ಮಿರೇನಾ ಬಗ್ಗೆಯೂ ಡಾಕ್ಟರ್ ಹೇಳಿದರು. ಒಳಗೊಂದು ಸಾಧನ ಇಟ್ಟುಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಮನೆಯಲ್ಲಿ ಎಲ್ಲರದೂ ಒಂದೇ ಮಾತು. "ಮಕ್ಕಳಾಗಿವೆ, ಆಪರೇಷನ್ನೂ ಆಗಿದೆ. ಇನ್ನು ಅದನ್ನು ಇಟ್ಟುಕೊಂಡು ಏನು ಮಾಡ್ತೀಯ? ತೆಗೆಸಿ ಬಿಸಾಕು" ಅಂತ ನಮ್ಮತ್ತೆ. ಅವರ ಮೂವರು ತಂಗಿಯರೂ ಹಾಗೇ ತೆಗೆಸಿಕೊಂಡವರು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 3.2 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೇಳಿದ ಕಾರಣ ಅತಿಯಾದ ರಕ್ತಸ್ರಾವ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಸಣ್ಣ ವಯಸ್ಸಿನ ಹೆಣ್ಣುಮಕ್ಕಳಿಗೂ ಬೇಕಿಲ್ಲದೆ ಗರ್ಭಕೋಶ ತೆಗೆದ ವಿಷಯ ಪತ್ರಿಕೆಗಳಲ್ಲಿ ಬಂದಿದ್ದು ಎಷ್ಟೋ ಜನರಿಗೆ ನೆನಪಿರಬಹುದು. ಇಂಥ ಆಪರೇಷನ್‌ಗಳನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. 2013ರಲ್ಲಿ ಎಲ್ಲರೂ ತೆಗೆಸು ಅನ್ನುತ್ತಿದ್ದಾಗ "ಗರ್ಭಕೋಶ ಉಳಿಸಿಕೊಂಡೇ ರಕ್ತ ನಿಲ್ಲಿಸೋ ದಾರಿ ಇದೆಯಮ್ಮ" ಅಂತ ನಮ್ಮ ಡಾಕ್ಟರ್ ಅಂದಾಗ ನನಗೆ ಹೋದ ಜೀವ ಬಂದಂತಾಯಿತು.

ಮೊದಲು ಡಿ ಅಂಡ್ ಸಿ, ಅಂದರೆ ಗರ್ಭಕೋಶದ ಒಳಗೆ ಕೆರೆಯುವುದು, ಮಾಡಿ ಒಳಪದರದ ಚೂರನ್ನು ಬಯಾಪ್ಸಿಗೆ ಕಳಿಸಿದರು. ಅದರಲ್ಲಿ ಕ್ಯಾನ್ಸರಾಗಲಿ, ಕ್ಯಾನ್ಸರ್‌ಗೆ ತಿರುಗಬಹುದಾದ ಬದಲಾವಣೆಯಾಗಲಿ ಇದ್ದರೆ ಅಬ್ಲೇಶನ್ ಮಾಡುವಂತಿಲ್ಲ. ಇದು ಖಡಾಖಂಡಿತ ನಿಯಮ. ಮುಂದೆ ಮಗು ಬೇಕು ಅನ್ನುವವರಿಗೂ ಮಾಡುವುದಿಲ್ಲ. ಸುಟ್ಟ ಗರ್ಭಕೋಶದಲ್ಲಿ ಬಸಿರು ನಿಂತರೆ ತಾಯಿಗೂ ಮಗುವಿಗೂ ಅಪಾಯ. ಹಾಗಂತ ಅಬ್ಲೇಶನ್ನೇ ಗರ್ಭನಿರೋಧಕವೂ ಅಲ್ಲ. ನನಗೆ ಎರಡನೇ ಬಾಣಂತನದಲ್ಲೇ ಸಂತಾನಹರಣ ಆಪರೇಷನ್ ಆಗಿತ್ತು, ಆ ಚಿಂತೆ ಇರಲಿಲ್ಲ.

ನನಗೆ ಮಾಡಿದ್ದು ಬಲೂನ್ ವಿಧಾನ. ಅರಿವಳಿಕೆ ಕೊಟ್ಟು, ಸಣ್ಣ ಬಲೂನನ್ನು ಗರ್ಭಕೋಶದೊಳಗೆ ಇಳಿಸಿ, ಅದಕ್ಕೆ ಗ್ಲೂಕೋಸ್ ನೀರು ತುಂಬಿ, ಸುಮಾರು 87 ಡಿಗ್ರಿಗೆ ಕಾಯಿಸಿ 8 ನಿಮಿಷ ಇಡುತ್ತಾರೆ. ಕತ್ತರಿಸುವುದಿಲ್ಲ, ಹೊಲಿಗೆ ಇಲ್ಲ. ಅವತ್ತು ಸಂಜೆಯೇ ಮನೆಗೆ ಬಂದೆ. ಹೊಟ್ಟೆ ಹಿಂಡುವ ನೋವು, ಒಂದಷ್ಟು ದಿನ ನೀರು ನೀರಾಗಿ ಕೆಂಪು ಸ್ರಾವ. ಆಮೇಲೆ ಮುಟ್ಟು ಕಡಿಮೆ ಆಗುತ್ತಾ ಬಂದು ಪೂರ್ತಿ ನಿಂತೇಹೋಯಿತು. ಎಲ್ಲರಿಗೂ ಹೀಗೆ ಪೂರ್ತಿ ನಿಲ್ಲುವುದಿಲ್ಲ. ಹಲವರಿಗೆ ಕಡಿಮೆ ಆಗುತ್ತದೆ ಅಷ್ಟೇ. ಕಬ್ಬಿಣದ ಡ್ರಿಪ್ ಹಾಕಿಸಿಕೊಂಡು ಹಿಮೋಗ್ಲೋಬಿನ್ ಮೇಲೆ ಬಂತು. ಬಿಳಿ ಚೂಡಿದಾರ್ ಹೊಲಿಸಿಕೊಂಡೆ. ಹೆಂಗಸರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮುಟ್ಟು ನಿಂತದ್ದರಿಂದ ಒಂದು ತೊಡಕಾಯಿತು. ವಯಸ್ಸಿಗೆ ಸಹಜವಾಗಿ ಮುಟ್ಟು ನಿಲ್ಲುತ್ತಲ್ಲ, ಅದು ನನಗೆ ಯಾವಾಗ ಆಯಿತು ಅಂತ ಗೊತ್ತಾಗಲೇ ಇಲ್ಲ. ಬೇರೆಯವರು ಒಂದು ವರ್ಷ ಮುಟ್ಟಾಗದಿದ್ದರೆ ನಿಂತಿತು ಅಂತ ಲೆಕ್ಕ ಹಾಕುತ್ತಾರೆ. ನನಗೆ ಆ ಲೆಕ್ಕವೇ ಇರಲಿಲ್ಲ. ಐವತ್ತರ ಹತ್ತಿರ ರಾತ್ರಿ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬೆವರಿ ಎಚ್ಚರ ಆಗೋದು, ಕಿವಿ ಬಿಸಿಯಾಗೋದು ಶುರುವಾಯಿತು. ಆಗ ಅಂದಾಜು ಮಾಡಿಕೊಂಡೆ. ಇದು ಯಾಕೆ ಮುಖ್ಯ ಅಂದರೆ, ಮುಟ್ಟು ನಿಂತ ಮೇಲೆ ಬರುವ ರಕ್ತವನ್ನು ಡಾಕ್ಟರುಗಳು ನೋಡುವ ರೀತಿಯೇ ಬೇರೆ. ಅದು ಒಂದು ಹನಿ ಇದ್ದರೂ ಕಾರಣ ಹುಡುಕಲೇಬೇಕು.

2023ರಲ್ಲಿ ಆ ಕಲೆ ಕಂಡಾಗ ನಾನು ಅದನ್ನೇ ಮಾಡಿದೆ. ರಜೆ ಹಾಕಿ ಡಾಕ್ಟರ್ ಹತ್ತಿರ ಹೋದೆ. ಹಳೆಯ ಡಾಕ್ಟರ್ ಊರು ಬಿಟ್ಟಿದ್ದರು, ಇವರು ಹೊಸಬರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನಾನು ಎಲ್‌ಐಸಿ ಪಾಲಿಸಿ ಜೊತೆ ಜೋಪಾನ ಮಾಡಿದ್ದ 2013ರ ಡಿಸ್ಚಾರ್ಜ್ ಚೀಟಿ, ಬಯಾಪ್ಸಿ ರಿಪೋರ್ಟು ಎರಡನ್ನೂ ಮುಂದಿಟ್ಟೆ. ಅವರು ಅದನ್ನು ಎರಡೆರಡು ಸಲ ಓದಿದರು. "ಇದನ್ನು ಇಟ್ಟುಕೊಂಡಿದ್ದು ಎಷ್ಟು ಒಳ್ಳೇದಾಯ್ತಮ್ಮ" ಅಂದರು. ಯಾವ ವಿಧಾನದಲ್ಲಿ ಸುಟ್ಟಿದ್ದಾರೆ, ಸುಡುವ ಮೊದಲು ಒಳಪದರ ಹೇಗಿತ್ತು ಅನ್ನೋದು ಅವರಿಗೆ ಆ ಎರಡು ಹಾಳೆಯಿಂದ ತಿಳಿಯಿತು.

ಆಮೇಲೆ ಪ್ರಶ್ನೆಗಳು. ಸಕ್ಕರೆ ಕಾಯಿಲೆ ಇದೆಯಾ? ಇದೆ. ಬಿಪಿ? ಅದೂ ಇದೆ. ತೂಕ? 78 ಕೆಜಿ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಂಡಿದ್ದೀರಾ? ಇಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಅಥವಾ ಗರ್ಭಕೋಶದ ಕ್ಯಾನ್ಸರ್? ಇಲ್ಲ. ಕರುಳಿಗೂ ಗರ್ಭಕೋಶಕ್ಕೂ ಏನು ಸಂಬಂಧ ಅಂತ ಕೇಳಿದೆ. ಲಿಂಚ್ ಸಿಂಡ್ರೋಮ್ ಅಂತ ವಂಶದಲ್ಲಿ ಬರುವ ಒಂದು ತೊಂದರೆ ಇದೆಯಂತೆ, ಅದು ಇರುವ ಕುಟುಂಬದಲ್ಲಿ ಈ ಎರಡೂ ಕ್ಯಾನ್ಸರ್ ಕಾಣಿಸಿಕೊಳ್ಳುತ್ತವಂತೆ. ತಿಂಗಳಿಗೊಮ್ಮೆ ಒಂದೇ ಪಕ್ಕಕ್ಕೆ ಹೊಟ್ಟೆ ನೋವು ಬರುತ್ತಿತ್ತಾ ಅಂತಲೂ ಕೇಳಿದರು. ಹೌದು, ಎಡಗಡೆ, ಕೆಲವು ವರ್ಷ ಹಾಗೆ ಬರುತ್ತಿತ್ತು. ಗ್ಯಾಸ್ ಅಂತ ಮಾತ್ರೆ ಕೊಟ್ಟಿದ್ದರು. ಸಂತಾನಹರಣ ಆಪರೇಷನ್ ಆದವರಿಗೆ ಆಮೇಲೆ ಅಬ್ಲೇಶನ್ ಆದರೆ, ಗರ್ಭಕೋಶದ ಮೂಲೆಯಲ್ಲಿ ಉಳಿದ ಪದರದಿಂದ ಬರುವ ರಕ್ತಕ್ಕೆ ಕೆಳಗೂ ದಾರಿ ಇಲ್ಲ, ಮೇಲೆ ಕಟ್ಟಿಹಾಕಿದ ಅಂಡನಾಳದ ಕಡೆಗೂ ದಾರಿ ಇಲ್ಲ. ಅಲ್ಲೇ ತುಂಬಿಕೊಂಡು ನೋವು ಕೊಡುತ್ತದೆ. ನಮ್ಮ ಕಡೆ ಎರಡು ಮಕ್ಕಳಾದ ಮೇಲೆ ಆ ಆಪರೇಷನ್ ಆಗದ ಹೆಂಗಸರು ಎಷ್ಟು ಜನ ಸಿಗುತ್ತಾರೆ? ಅಬ್ಲೇಶನ್ ಮಾಡುವ ಮುಂಚೆ ಈ ನೋವಿನ ವಿಷಯವನ್ನು ಎಲ್ಲರಿಗೂ ಹೇಳಲೇಬೇಕು ಅನ್ನೋದು ನನ್ನ ಅಭಿಪ್ರಾಯ.

"ಪದರ ಸುಟ್ಟ ಮೇಲೆ ಮತ್ತೆ ಅದು ಉಳಿಯೋದು ಹೇಗೆ ಮೇಡಂ?" ಅಂದೆ. ನಮ್ಮೂರು ಕಬ್ಬು ಬೆಳೆಯುವ ಊರು ಅಂತ ಅವರಿಗೆ ಗೊತ್ತಿತ್ತು. "ಕಬ್ಬು ಕಡಿದು ತರಗಿಗೆ ಬೆಂಕಿ ಹಾಕ್ತೀರಲ್ಲ, ಆಮೇಲೆ ಕೂಳೆ ಚಿಗುರಲ್ವಾ? ಹಾಗೇ" ಅಂದರು. ತಕ್ಷಣ ಅರ್ಥವಾಯಿತು. ಒಳಪದರದ ತಳದಲ್ಲಿ ಮತ್ತೆ ಬೆಳೆಯುವ ಶಕ್ತಿ ಇರುವ ಭಾಗ ಇರುತ್ತದೆ. ಅದು ಪೂರ್ತಿ ಸುಡಲಿ ಅಂತಲೇ ಅಬ್ಲೇಶನ್ ಮಾಡುವುದು. ಆದರೆ ಗರ್ಭಕೋಶದ ಎರಡು ಮೇಲ್ಮೂಲೆಗಳಿಗೆ ಬಲೂನ್ ಸರಿಯಾಗಿ ತಾಗದೇ ಇರಬಹುದು. ಅಲ್ಲಿ ಉಳಿದದ್ದು ಗಾಯದ ಅಂಟಿನ ಹಿಂದೆ ಸೇರಿಕೊಂಡು ಬದುಕುತ್ತದೆ.

ಸ್ಕ್ಯಾನಿಂಗ್ ಬರೆದುಕೊಟ್ಟರು, ಒಳಗಿನಿಂದ ಮಾಡುವಂಥದ್ದು. ಮುಟ್ಟು ನಿಂತವರಲ್ಲಿ ಒಳಪದರ 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳ್ಳಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ. ಸಾಮಾನ್ಯವಾಗಿ ಆ ಒಂದು ಅಳತೆಯಲ್ಲೇ ಅರ್ಧ ಚಿಂತೆ ಕಳೆಯುತ್ತದೆ. ಸ್ಕ್ಯಾನಿಂಗ್ ಸೆಂಟರಿನವರು ನನಗೂ ಹಾಗೇ "3 ಮಿಲಿಮೀಟರ್, ಏನೂ ತೊಂದರೆ ಇಲ್ಲ" ಅಂತ ಕಳಿಸಿದರು. ರಿಪೋರ್ಟಿನಲ್ಲಿ ಅಬ್ಲೇಶನ್ ವಿಷಯವೇ ಇರಲಿಲ್ಲ. ನಮ್ಮ ಡಾಕ್ಟರ್ ಅದನ್ನು ನೋಡಿ ಸಮಾಧಾನ ಪಡಲಿಲ್ಲ. ಸುಟ್ಟ ಗರ್ಭಕೋಶದಲ್ಲಿ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಯಾವುದು ಪದರ, ಯಾವುದು ಗಾಯದ ಗುರುತು ಅಂತ ಸ್ಕ್ಯಾನಿನಲ್ಲಿ ಬಿಡಿಸಿ ಹೇಳೋದು ಕಷ್ಟ. ಆ 4 ಮಿಲಿಮೀಟರ್ ಲೆಕ್ಕವನ್ನು ನಮ್ಮಂಥವರಿಗೆ ಹಾಗೇ ಹಾಕೋಕೆ ಬರುವುದಿಲ್ಲ. ಬೇರೆ ಕಡೆ, ಚೀಟಿಯಲ್ಲಿ ಅಬ್ಲೇಶನ್ ಆದ ವರ್ಷವನ್ನೂ ಬರೆದು ಮತ್ತೆ ಸ್ಕ್ಯಾನ್ ಮಾಡಿಸಿದರು. ಈ ಸಲ ಎಡ ಮೂಲೆಯಲ್ಲಿ ಸಣ್ಣದೊಂದು ನೀರು ತುಂಬಿದ ಜಾಗ ಕಾಣಿಸಿತು.

ಮುಂದಿನದು ಬಯಾಪ್ಸಿ. ಪೈಪೆಲ್ ಅಂತ ಸ್ಟ್ರಾ ಥರದ ತೆಳ್ಳಗಿನ ಪ್ಲಾಸ್ಟಿಕ್ ಕೊಳವೆ. ಗರ್ಭಕೋಶದ ಬಾಯಿಯಿಂದ ಒಳಗೆ ತೂರಿಸಿ, ಒಳಗಿನ ಕಡ್ಡಿ ಹಿಂದಕ್ಕೆ ಎಳೆದರೆ ಪದರದ ಚೂರು ಅದರೊಳಗೆ ಬರುತ್ತದೆ. ಅರಿವಳಿಕೆ ಬೇಡ, ಓಪಿಡಿಯಲ್ಲೇ ಆಗುತ್ತದೆ. ನನಗೆ ಅದು ಆಗಲಿಲ್ಲ. ಟೇಬಲ್ ಮೇಲೆ ಮಲಗಿಸಿ, ಸ್ಪೆಕ್ಯುಲಂ ಹಾಕಿ, ಲೈಟ್ ಹತ್ತಿರ ಎಳೆದುಕೊಂಡರು. ಕೊಳವೆ ಸ್ವಲ್ಪ ಒಳಗೆ ಹೋಗಿ ನಿಂತುಬಿಟ್ಟಿತು. ಇನ್ನೂ ತೆಳ್ಳಗಿನದು ತರಿಸಿದರು. ಅದು ಬಾಗಿತು. ಹೊಕ್ಕುಳ ಕೆಳಗೆ ಯಾರೋ ದಾರ ಹಾಕಿ ಜಗ್ಗಿದ ಹಾಗೆ ನೋವು. ನರ್ಸಮ್ಮ ನನ್ನ ಕೈ ಹಿಡಿದುಕೊಂಡು, "ಉಸಿರು ಬಿಡಿ ಅಕ್ಕಾ, ಬಿಗಿ ಹಿಡೀಬೇಡಿ" ಅನ್ನುತ್ತಿದ್ದರು. ಡಾಕ್ಟರ್ ಅಲ್ಲಿಗೇ ನಿಲ್ಲಿಸಿದರು. ಒತ್ತಿ ತೂರಿಸಿದರೆ ಗರ್ಭಕೋಶದ ಗೋಡೆ ತೂತಾಗುವ ಭಯ. ಅಬ್ಲೇಶನ್ ಆದವರಲ್ಲಿ ಹೀಗೆ ಬಯಾಪ್ಸಿ ಸಿಗದೇ ಹೋಗುವುದು ಅಪರೂಪ ಅಲ್ಲವಂತೆ. ಎದ್ದು ಬಟ್ಟೆ ಸರಿಮಾಡಿಕೊಳ್ಳುವಾಗ ನನಗೆ ಅಳು ಬಂತು. ನೋವಿಗಿಂತ ಜಾಸ್ತಿ, ಒಳಗೆ ಏನಿದೆ ಅಂತ ನೋಡೋಕೇ ಆಗುತ್ತಿಲ್ಲವಲ್ಲ ಅನ್ನೋ ಸಂಕಟಕ್ಕೆ.

ಅವತ್ತು ಡಾಕ್ಟರ್ ನನ್ನನ್ನೂ ನಮ್ಮ ಮನೆಯವರನ್ನೂ ಕೂರಿಸಿ ತಾಳ್ಮೆಯಿಂದ ಹೇಳಿದರು. ಮನೆಯವರ ಮೊದಲ ಪ್ರಶ್ನೆ ನೇರವಾಗಿಯೇ ಇತ್ತು. "ಮೇಡಂ, ಆಗ ಸುಟ್ಟಿದ್ದರಿಂದಲೇ ಇವಳಿಗೆ ಕ್ಯಾನ್ಸರ್ ಬಂತಾ?" ಕ್ಯಾನ್ಸರ್ ಇದೆ ಅಂತ ಇನ್ನೂ ಯಾರೂ ಹೇಳಿಲ್ಲ ಅಂದರು ಅವರು. ಸುಡುವುದರಿಂದ ಕ್ಯಾನ್ಸರ್ ಹುಟ್ಟುತ್ತದೆ ಅನ್ನೋದಕ್ಕೆ ಪುರಾವೆ ಇಲ್ಲ ಅಂದರು. ಫಿನ್ಲೆಂಡಿನಲ್ಲಿ 1997ರಿಂದ 2014ರವರೆಗೆ ಅಬ್ಲೇಶನ್ ಮಾಡಿಸಿಕೊಂಡ 5,484 ಹೆಂಗಸರ ದಾಖಲೆಗಳನ್ನು ಅಲ್ಲಿನ ಕ್ಯಾನ್ಸರ್ ನೋಂದಣಿ ಜೊತೆ ಹೋಲಿಸಿ ನೋಡಿದ್ದಾರೆ. ಒಳಪದರದ ಕ್ಯಾನ್ಸರ್ ಅವರಲ್ಲಿ ಬೇರೆ ಹೆಂಗಸರಿಗಿಂತ ಜಾಸ್ತಿ ಇರಲಿಲ್ಲ. ಆದರೆ ಸುಮಾರು ಐದರಲ್ಲಿ ಒಬ್ಬರಿಗೆ ಮುಂದೆ ಬೇರೆ ಬೇರೆ ಕಾರಣಕ್ಕೆ ಗರ್ಭಕೋಶ ತೆಗೆಸಬೇಕಾಗಿ ಬಂದಿತ್ತು.

ಈ ಲೆಕ್ಕವನ್ನು ಹೇಗೆ ಓದಬೇಕು ಅಂತಲೂ ಅವರೇ ಹೇಳಿದರು. ಅಬ್ಲೇಶನ್‌ಗೆ ಮೊದಲು ಬಯಾಪ್ಸಿ ಮಾಡಿ, ಅನುಮಾನ ಇರುವವರನ್ನು ಬಿಟ್ಟೇ ಬಿಡುತ್ತಾರೆ. ಉಳಿದವರಲ್ಲಿ ಕ್ಯಾನ್ಸರ್ ಕಡಿಮೆ ಕಾಣುವುದು ಸಹಜ. ಹಾಗಾಗಿ ಅಬ್ಲೇಶನ್ ಕ್ಯಾನ್ಸರನ್ನು ತಡೆಯುತ್ತದೆ ಅಂತಲೂ ನಂಬಿ ಕೂರಬಾರದು. ಉಳಿದ ಪದರಕ್ಕೆ ಅಪಾಯ ತರುವುದು ಬೇರೆ ಸಂಗತಿಗಳು. ಮೈಯ ಕೊಬ್ಬಿನಲ್ಲಿ ಈಸ್ಟ್ರೊಜೆನ್ ಅನ್ನೋ, ಪದರ ಬೆಳೆಸುವ ಹಾರ್ಮೋನ್ ತಯಾರಾಗುತ್ತದೆ. ಮುಟ್ಟು ನಿಂತ ಮೇಲೆ ಅದಕ್ಕೆ ಕಡಿವಾಣ ಹಾಕುವ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಇರುವುದಿಲ್ಲ. ಪದರ ದಪ್ಪ ಆಗುತ್ತಾ ಹೋಗುತ್ತದೆ. ತೂಕ, ಸಕ್ಕರೆ ಕಾಯಿಲೆ, ಹಾರ್ಮೋನ್ ಏರುಪೇರಾಗುವ ಪಿಸಿಓಡಿ ಇವೆಲ್ಲ ಈ ಕ್ಯಾನ್ಸರ್ ಜೊತೆ ಯಾಕೆ ಬರುತ್ತವೆ ಅಂತ ನನಗೆ ಅವತ್ತು ತಿಳಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಎರಡನೇ ಪ್ರಶ್ನೆ, ಬಂದರೆ ಬೇಗ ಗೊತ್ತಾಗುತ್ತಾ ಅನ್ನೋದು. ಒಳಪದರದ ಕ್ಯಾನ್ಸರ್ ಬಂದ ಹತ್ತು ಹೆಂಗಸರಲ್ಲಿ ಒಂಬತ್ತು ಜನಕ್ಕೆ ರಕ್ತ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಈ ಕ್ಯಾನ್ಸರ್ ಬೇಗ ಸಿಕ್ಕಿಬೀಳುವುದು, ಬೇಗ ಸಿಕ್ಕರೆ ಪೂರ್ತಿ ಗುಣವಾಗುವುದು. ನಮ್ಮಲ್ಲಿ ಆ ರಕ್ತ ಹೊರಗೆ ಬರುವ ದಾರಿಯೇ ಅಂಟಿಕೊಂಡಿರಬಹುದು. ಅಬ್ಲೇಶನ್ ಆದವರಲ್ಲಿ ಕ್ಯಾನ್ಸರ್ ತಡವಾಗಿ ಗೊತ್ತಾಗುತ್ತದೆ ಅಂತ ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡಿಲ್ಲ, ಹೆಚ್ಚಿನವರಿಗೆ ರಕ್ತವೋ ನೋವೋ ಬಂದೇ ಗೊತ್ತಾಗಿದೆ ಅಂತ ಡಾಕ್ಟರ್ ಧೈರ್ಯ ಹೇಳಿದರು. ಆದರೆ ಸ್ಕ್ಯಾನು, ಬಯಾಪ್ಸಿ ಎರಡೂ ಕೈಕೊಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಇನ್ನು ಮುಟ್ಟು ನಿಂತ ಮೇಲೆ ರಕ್ತ ಕಂಡ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ ಅಂತಲೂ ಹೇಳಿದರು. ಆ ಮಾತನ್ನು ಹಿಡಿದುಕೊಂಡೇ ರಾತ್ರಿಗಳನ್ನು ಕಳೆದೆ.

ಅರಿವಳಿಕೆ ಕೊಟ್ಟು ಹಿಸ್ಟೆರೊಸ್ಕೊಪಿ ಮಾಡಿದರು. ಹೊಟ್ಟೆ ಮೇಲೆ ಸ್ಕ್ಯಾನ್ ಇಟ್ಟು ದಾರಿ ನೋಡಿಕೊಳ್ಳುತ್ತಾ ಕ್ಯಾಮೆರಾ ಒಳಗೆ ಬಿಟ್ಟರು. ಆಮೇಲೆ ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಬೆಳ್ಳಗೆ, ಬಿರುಸಾಗಿ, ಇಕ್ಕಟ್ಟಾದ ಸುರಂಗದ ಥರ ಇತ್ತು. ಎಡ ಮೂಲೆಗೆ ತಲುಪಲು ಆಗಲಿಲ್ಲ. ಸಿಕ್ಕಷ್ಟು ಚೂರು ಲ್ಯಾಬಿಗೆ ಹೋಯಿತು. ಉತ್ತರ ಬಂತು: ಗಾಯದ ನಾರು ಮಾತ್ರ ಇದೆ, ಒಳಪದರದ ಅಂಶ ಸಾಕಷ್ಟು ಇಲ್ಲ. ಈ ರಿಪೋರ್ಟು ನೋಡಿ ನನ್ನ ತಂಗಿ "ಕ್ಯಾನ್ಸರ್ ಇಲ್ಲ ಅಂತ ಬಂತಲ್ಲ ಅಕ್ಕ" ಅಂತ ಫೋನಿನಲ್ಲಿ ಖುಷಿಪಟ್ಟಳು. ಇಲ್ಲ ಅಂತ ಬಂದಿರಲಿಲ್ಲ. ನೋಡೋಕೆ ಸಿಕ್ಕಿಲ್ಲ ಅಂತ ಬಂದಿತ್ತು. ಅವಳಿಗೆ ಅದನ್ನು ಹೇಳಿ ಅವಳ ಖುಷಿ ಕೆಡಿಸಲು ಅವತ್ತು ನನಗೆ ಮನಸ್ಸಾಗಲಿಲ್ಲ.

ಎಂಆರ್‌ಐ ಬೆಂಗಳೂರಿನಲ್ಲಿ ಆಯಿತು. ಎಡ ಮೂಲೆಯಲ್ಲಿ ಹಳೆಯ ರಕ್ತ ತುಂಬಿದ ಸಣ್ಣ ಚೀಲ, ಅದರ ಒಂದು ಬದಿಯಲ್ಲಿ ದಪ್ಪಗಾದ ಪದರ. ಗೋಡೆಯೊಳಗೆ ಇಳಿದಿರುವ ಲಕ್ಷಣ ಇಲ್ಲ. ಇಷ್ಟಾದ ಮೇಲೆ ಉಳಿದಿದ್ದು ಒಂದೇ ದಾರಿ. ಗರ್ಭಕೋಶವನ್ನು ತೆಗೆದು ಇಡಿಯಾಗಿ ಲ್ಯಾಬಿಗೆ ಕಳಿಸುವುದು.

ಹತ್ತು ವರ್ಷದ ಹಿಂದೆ ಯಾವುದನ್ನು ಉಳಿಸಿಕೊಳ್ಳಲು ಹಟ ಹಿಡಿದಿದ್ದೆನೋ ಅದನ್ನೇ ಈಗ ತೆಗೆಸಲು ನಾನೇ ಒಪ್ಪಿದೆ. ನಮ್ಮತ್ತೆ "ಆಗಲೇ ಹೇಳಿರಲಿಲ್ವಾ" ಅನ್ನಲಿಲ್ಲ. ದೇವರ ಮುಂದೆ ತುಪ್ಪದ ದೀಪ ಹಚ್ಚಿ ಸುಮ್ನೆ ಕೂತಿದ್ದರು. ನನಗೆ ಆಗಿನ ನಿರ್ಧಾರದ ಬಗ್ಗೆ ಈಗಲೂ ಬೇಸರ ಇಲ್ಲ. ಏಳು ಹಿಮೋಗ್ಲೋಬಿನ್ ಇಟ್ಟುಕೊಂಡು 43ಕ್ಕೆ ದೊಡ್ಡ ಆಪರೇಷನ್ ಮಾಡಿಸಿಕೊಳ್ಳುವುದು, ಅದರ ಜೊತೆ ಅಂಡಾಶಯವೂ ಹೋಗಿ ಮೂಳೆ, ಹೃದಯಕ್ಕೆ ತೊಂದರೆ ತಂದುಕೊಳ್ಳುವುದು ನನಗೆ ಬೇಕಿರಲಿಲ್ಲ. ಈ ಸಲ ಕಾರಣ ಬೇರೆ ಇತ್ತು.

ಆಪರೇಷನ್ ಮುಂಚೆ ಡಾಕ್ಟರ್ ಒಂದು ವಿಷಯ ಒತ್ತಿ ಹೇಳಿದರು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೊಸ್ಕೊಪಿಯಲ್ಲಿ ಕೆಲವು ಸಲ ಗರ್ಭಕೋಶವನ್ನು ಹೊಟ್ಟೆಯೊಳಗೇ ಮೆಷಿನ್ನಿನಿಂದ ಚೂರು ಮಾಡಿ ಸಣ್ಣ ತೂತಿನಿಂದ ಹೊರಗೆ ತೆಗೆಯುತ್ತಾರೆ. ಕ್ಯಾನ್ಸರ್ ಅನುಮಾನ ಇರುವಾಗ ಹಾಗೆ ಮಾಡುವಂತಿಲ್ಲ, ಒಂದು ವೇಳೆ ಇದ್ದರೆ ಹೊಟ್ಟೆ ತುಂಬಾ ಹರಡುತ್ತದೆ. ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ನನ್ನದನ್ನು ಇಡಿಯಾಗಿ ಕೆಳಗಿನಿಂದಲೇ ತೆಗೆದರು. ವಯಸ್ಸು 53 ಆಗಿದ್ದರಿಂದ ಅಂಡಾಶಯ, ನಾಳಗಳನ್ನೂ ತೆಗೆದರು. ನಮ್ಮ ಮನೆಯವರನ್ನು ಥಿಯೇಟರ್ ಬಾಗಿಲಿಗೆ ಕರೆದು ಸ್ಟೀಲ್ ಟ್ರೇನಲ್ಲಿ ತೋರಿಸಿದರಂತೆ. ಮುಷ್ಟಿಗಿಂತ ಚಿಕ್ಕದಾಗಿತ್ತು ಅಂತ ಅವರು ಆಮೇಲೆ ಹೇಳಿದರು. ಆಪರೇಷನ್, ಹೊಲಿಗೆ, ಗಂಜಿ, ಮನೆ, ಇವೆಲ್ಲ ಎಲ್ಲರಿಗೂ ಆಗುವ ಹಾಗೇ ಆಯಿತು.

ರಿಪೋರ್ಟು ಬರಲು ಸಮಯ ಹಿಡಿಯಿತು. ಗಾಯದ ಅಂಟು ಇದ್ದುದರಿಂದ ಉಳಿದ ಪದರವನ್ನೆಲ್ಲ ಪೂರ್ತಿ ನೋಡಿ ಅಂತ ಡಾಕ್ಟರ್ ಲ್ಯಾಬಿಗೆ ಬರೆದಿದ್ದರು. ಕೊನೆಗೆ ಬಂದ ಉತ್ತರ: ಎಡ ಮೂಲೆಯ ಚೀಲದಲ್ಲಿ ಅಟಿಪಿಕಲ್ ಹೈಪರ್‌ಪ್ಲಾಸಿಯಾ. ಕ್ಯಾನ್ಸರ್ ಕಂಡಿಲ್ಲ. ಅಂದರೆ ಪದರ ದಪ್ಪಗಾಗಿ, ಅದರ ಜೀವಕೋಶಗಳ ಸ್ವರೂಪ ಬದಲಾಗಲು ಶುರುವಾಗಿತ್ತು. ಹಾಗೇ ಬಿಟ್ಟಿದ್ದರೆ ಕ್ಯಾನ್ಸರ್ ಆಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಇದಕ್ಕೆ ನನ್ನ ವಯಸ್ಸಿನಲ್ಲಿ ಚಿಕಿತ್ಸೆ ಅಂದರೆ ಗರ್ಭಕೋಶ ತೆಗೆಯುವುದೇ, ಅದು ಆಗಿಹೋಗಿತ್ತು. ರೇಡಿಯೇಶನ್, ಕೀಮೊ ಏನೂ ಬೇಡ. ಡಾಕ್ಟರ್ ಇದನ್ನು ಹೇಳುವಾಗ ನಮ್ಮ ಮನೆಯವರು ಕುರ್ಚಿಯಿಂದ ಎದ್ದು ಕಿಟಕಿ ಕಡೆ ಮುಖ ಮಾಡಿ ನಿಂತರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಅತ್ತಿದ್ದು ನಾನು ಆವತ್ತೇ ನೋಡಿದ್ದು.

ಅಬ್ಲೇಶನ್ ಆಗದೇ ಇದ್ದಿದ್ದರೂ ಇದು ಬರುತ್ತಿತ್ತಾ ಅಂತ ಕೇಳಿದೆ. ನಿಮ್ಮ ತೂಕ, ಸಕ್ಕರೆ ಕಾಯಿಲೆ ನೋಡಿದರೆ ಬರಬಹುದಾಗಿತ್ತು, ಆದರೆ ಒಂದೇ ಬಯಾಪ್ಸಿಯಲ್ಲಿ ಗೊತ್ತಾಗುತ್ತಿತ್ತು ಅಂದರು. ಈಗ ತೂಕ 70ಕ್ಕೆ ತಂದಿದ್ದೇನೆ. ರಾತ್ರಿ ಅನ್ನ ಬಿಟ್ಟು ರಾಗಿ ರೊಟ್ಟಿ, ಸೊಪ್ಪು. ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ನಡಿಗೆ. ನಡೆಯುವಾಗ ಜೊತೆ ಸಿಗುವ ಹೆಂಗಸರ ಹತ್ತಿರ ಈ ವಿಷಯವನ್ನು ಮುಚ್ಚುಮರೆ ಇಲ್ಲದೆ ಮಾತಾಡುತ್ತೇನೆ.

ಹಾಗೆ ಮಾತಾಡಿದ್ದರಿಂದಲೇ ನಮ್ಮ ಡಿಪೋದ ಒಬ್ಬಳ ವಿಷಯ ಗೊತ್ತಾಯಿತು. ಅವಳಿಗೂ ಕೆಲವು ವರ್ಷದ ಹಿಂದೆ ಅಬ್ಲೇಶನ್ ಆಗಿದೆ. ಈಗ ಮೈ ಬಿಸಿ, ನಿದ್ದೆ ಇಲ್ಲ ಅಂತ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಚೀಟಿ ತೋರಿಸು ಅಂದೆ. ಅದರಲ್ಲಿ ಇದ್ದದ್ದು ಈಸ್ಟ್ರೊಜೆನ್ ಮಾತ್ರ. ಗರ್ಭಕೋಶ ತೆಗೆದವರಿಗೆ ಅದೊಂದೇ ಕೊಡುತ್ತಾರೆ. ಅಬ್ಲೇಶನ್ ಆದವರಿಗೆ ಗರ್ಭಕೋಶ ಇದ್ದೇ ಇರುತ್ತದೆ, ಮೂಲೆಯಲ್ಲಿ ಪದರವೂ ಉಳಿದಿರಬಹುದು, ಅವರಿಗೆ ಪ್ರೊಜೆಸ್ಟರಾನ್ ಜೊತೆಯಲ್ಲೇ ಕೊಡಬೇಕು ಅಂತ ನನ್ನ ಡಾಕ್ಟರ್ ಹೇಳಿದ್ದು ನೆನಪಿತ್ತು. "ಡಾಕ್ಟರ್‌ಗೆ ಏನಂತ ಹೇಳಿದ್ದೆ?" ಅಂದೆ. "ಗರ್ಭಕೋಶದ ಆಪರೇಷನ್ ಆಗಿದೆ ಅಂದೆ ಕಣಕ್ಕಾ" ಅಂದಳು. ಅವರು ಪೂರ್ತಿ ತೆಗೆದಿದ್ದಾರೆ ಅಂತ ತಿಳಿದುಕೊಂಡಿದ್ದರು. ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿಸಿ, ಅದನ್ನು ಹಿಡಿದುಕೊಂಡು ಮಾರನೇ ದಿನವೇ ವಾಪಸ್ ಹೋಗು ಅಂದೆ. ಹೋದಳು. ಡಾಕ್ಟರ್ ಚೀಟಿ ನೋಡಿದ ಕೂಡಲೇ ಮಾತ್ರೆ ನಿಲ್ಲಿಸಿ, ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ. ಮುಂದಿನ ವಾರ ಇದೆ. ಅವಳ ಗಂಡ ಡ್ಯೂಟಿ ಮೇಲೆ ಹೊರಗಿರುತ್ತಾರೆ, ಹಾಗಾಗಿ ನಾನು ಜೊತೆಗೆ ಹೋಗುತ್ತಿದ್ದೇನೆ.